ಬಿಳಿಯನ ಶಿಸ್ತು

ಕೇಳಿಸಿಯೂ ಕೇಳಿಸದವನ ಹಾಗೆ ಮಲಗಿದ್ದಾನೆಯೋ, ನಿಜವಾಗಿಯೂ ಕೇಳಿಸುತ್ತಿಲ್ಲವೋ? ಮೊದಲನೆಯದಾದರೆ ಅದರಲ್ಲಿ ತಪ್ಪು ಹುಡುಕುವ ಹಕ್ಕು ತನಗಿಲ್ಲ. ಅವ್ವ ಅಡುಗೆಮನೆಯಿಂದ ಕೂಗಿದಾಗ ತಾನೂ ಎಷ್ಟೋ ಸಲ ಹಾಗೆಯೇ ಮಲಗಿದ್ದುಂಟು. ಆದರೆ ಎರಡನೆಯದಾದರೆ? ಎರಡನೆಯದಾದರೆ ಲಾರಿ. ಆದ್ದರಿಂದ ಮೊದಲನೆಯದೇ ಇರಬೇಕು. ಇರಬೇಕು ಎಂದುಕೊಂಡರೆ ಇದ್ದಂತಾಗುತ್ತದೆಯೇ? ನೋಡಿಯೇಬಿಡುವುದು. ನೋಡಿ ಗೊತ್ತಾಗಿಬಿಟ್ಟರೆ? ಗೊತ್ತಾಗದೆ ಇರುವುದೇ ಒಳ್ಳೆಯದಲ್ಲವೇ?

ಹೀಗೆ ಯೋಚಿಸುತ್ತ ದೇವೇಂದ್ರ ಹಿತ್ತಲ ಬಾಗಿಲಲ್ಲಿ ತಾಮ್ರದ ಕೊಳಗವೊಂದನ್ನು ತಲೆಗಿಂತ ಎತ್ತರಕ್ಕೆ ಎತ್ತಿ ಹಿಡಿದು ನಿಂತಿದ್ದ. ಕೊಳಗದೊಳಗೆ ಎರಡು ಸೌಟು, ಒಂದು ಜಾಲರಿ, ಅವ್ವನ ಇಕ್ಕಳ ಇದ್ದವು. ಅವನ ಮುಂದೆ ಬಟ್ಟೆ ಒಗೆಯುವ ಕಲ್ಲಿನ ಪಕ್ಕದಲ್ಲಿ, ಅವನಿಗೆ ಬೆನ್ನು ಹಾಕಿ, ಬಿಳಿಯ ಮಲಗಿದ್ದ. ಬಿಳಿಯ ಅವನ ನಾಯಿ. ಹೆತ್ತೂರು ಕಡೆಯ ನೆಂಟರ ಮನೆಯಿಂದ ಮರಿಯಾಗಿದ್ದಾಗ ತಂದದ್ದು. ಮೂಗಿನ ತುದಿಯೊಂದನ್ನು ಬಿಟ್ಟು ಮೈಯೆಲ್ಲ ಸುಣ್ಣದ ಗೋಡೆಯಂತೆ ಬೆಳ್ಳಗೆ.

ಲಾರಿಯ ವಿಷಯ ಹೇಳಿಬಿಡಬೇಕು. ಕೆ. ಹೊಸಕೋಟೆಯ ಆಚೆಗಿರುವ ಆ ಊರಿನಲ್ಲಿ ಯಾರೂ ನಾಯಿಯನ್ನು ಕೊಲ್ಲುತ್ತಿರಲಿಲ್ಲ. ಅದು ಪಾಪ. ಕೆಲಸಕ್ಕೆ ಬಾರದ ನಾಯಿಯನ್ನು ಮಂಗಳೂರಿಗೆ ಹೋಗುವ ಟಿಂಬರ್ ಲಾರಿಗೆ ಹತ್ತಿಸುತ್ತಿದ್ದರು. ಡ್ರೈವರು ಮಾರನಹಳ್ಳಿ ದಾಟಿ, ಘಾಟಿಯಲ್ಲಿ ಎಲ್ಲೋ ಒಂದು ತಿರುವಿನಲ್ಲಿ ಅದನ್ನು ಇಳಿಸಿಬಿಡುತ್ತಿದ್ದ. ಕೆಳಗೆ ಕಾಡು, ಚಿರತೆ. ಮುಂದಿನದು ಶಿವನಿಗೆ ಬಿಟ್ಟದ್ದು. ಊರಿನವರ ಕೈಗೆ ಪಾಪ ಅಂಟುತ್ತಿರಲಿಲ್ಲ. ದೇವೇಂದ್ರನ ತಾಯಿ ಮೀನಾಕ್ಷಮ್ಮ ಮರಿ ಮನೆಗೆ ಬಂದ ದಿನವೇ ಹೇಳಿದ್ದಳು: "ಕಾಯೋ ನಾಯಾದ್ರೆ ಇರ್ಲಿ. ಬರೀ ತಿನ್ನೋ ಬಾಯಾದ್ರೆ ನಮ್ಮನೇಲಿ ನೀನೊಬ್ಬ ಇದೀಯ, ಸಾಕು. ಲಾರಿ ಹತ್ತಿಸ್ತೀನಿ."

ಇದು ಅನ್ಯಾಯದ ಮಾತು. ದೇವೇಂದ್ರ ಬಿ.ಎ. ಪಾಸು ಮಾಡಿದವನು, ಮಹಾದೇವಯ್ಯನವರ ಎಸ್ಟೇಟಿನಲ್ಲಿ ರೈಟರು. ಆಳುಗಳ ಹಾಜರಿ ಬರೆಯುವ, ಮೂಟೆ ಲೆಕ್ಕ ಇಡುವ ಕೆಲಸ ಅವನದು. ಅವನ ದೋಷ ಒಂದೇ. ಮಾತಾಡುತ್ತಿರಲಿಲ್ಲ. ಓದಿದ್ದು ಜಾಸ್ತಿಯಾಗಿ ಮಾತು ಒಳಗೆ ಇಂಗಿಹೋಗಿದೆ ಎಂದು ಊರು ತೀರ್ಮಾನಿಸಿತ್ತು. ಯಾರ ಜೊತೆ ಕೂತರೂ ಸ್ವಲ್ಪ ಹೊತ್ತಿಗೆ ಅವರು ಚಡಪಡಿಸಿ ಎದ್ದು ಹೋಗುತ್ತಿದ್ದರು. ಎದ್ದು ಹೋಗದೆ ಉಳಿದ ಜೀವ ಬಿಳಿಯ ಒಂದೇ.

ದೇವೇಂದ್ರ ಕೊಳಗವನ್ನು ಕೈಬಿಟ್ಟ.

ಆ ಸದ್ದಿನ ಬಗ್ಗೆ ಊರಿನಲ್ಲಿ ಹಲವು ಅಭಿಪ್ರಾಯಗಳಿವೆ. ಪಕ್ಕದ ಮನೆಯ ಜಗದಾಂಬನ ಎಮ್ಮೆ ಹಗ್ಗ ಕಿತ್ತುಕೊಂಡು ಕೆರೆ ಏರಿಯವರೆಗೆ ಓಡಿತು. ಕಾಗೆಗಳು ಎದ್ದವು. ಮೀನಾಕ್ಷಮ್ಮ ಮುದ್ದೆ ಕೋಲಿನ ಸಮೇತ ಹೊರಗೆ ಬಂದಳು. ಎಮ್ಮೆಗಿಂತ ಮೊದಲು ಜಗದಾಂಬನ ನಾಯಿ ಟೈಗರ್ ಓಡಿತ್ತು.

ಬಿಳಿಯನ ಕಿವಿ ಅಲುಗಲಿಲ್ಲ. ಜಾಲರಿ ಉರುಳುತ್ತ ಬಂದು ಬಾಲಕ್ಕೆ ತಗುಲಿದಾಗ ಮಾತ್ರ ತಿರುಗಿ ನೋಡಿ, ದೇವೇಂದ್ರನನ್ನು ಕಂಡು, ಸಂತೋಷದಿಂದ ಎದ್ದು ಬಾಲ ಆಡಿಸಿದ.

ಎರಡನೆಯದೇ.

"ಏನಾಯ್ತು ಮೀನಾಕ್ಷಕ್ಕ? ಅಟ್ಟ ಕುಸೀತಾ?" ಬೇಲಿಯ ಮೇಲೆ ಜಗದಾಂಬನ ತಲೆ ಕಾಣಿಸಿತು.

"ಅಟ್ಟ ಅಲ್ಲ ಕಣೆ. ನಮ್ಮನೆ ಬಿ.ಎ. ಕೊಳಗ ಬೀಳಿಸ್ದ."

ಜಗದಾಂಬ ಕೊಳಗ ನೋಡಿದಳು, ನಾಯಿಯನ್ನು ನೋಡಿದಳು, ಕೆನ್ನೆಗೆ ಕೈ ಇಟ್ಟುಕೊಂಡಳು. "ಅಯ್ಯೋ ಶಿವನೆ! ಇಷ್ಟ್ ಸದ್ದಿಗೂ ನಿಮ್ ನಾಯಿ ಅಳ್ಳಾಡ್ಲಿಲ್ವಲ್ಲಕ್ಕ! ನಮ್ಮನೆದು ನೋಡು, ಹೆಸ್ರು ಟೈಗರ್ರು, ತಟ್ಟೆ ಬಿದ್ರೆ ಊರಾಚೆ. ಏನ್ ದೇವೇಂದ್ರ, ಟ್ರೈನಿಂಗ್ ಕೊಡ್ತಿದ್ಯೇನೋ?"

ಉತ್ತರಕ್ಕೆ ಮೂರು ಮಾತು ಸಾಕಿತ್ತು. ದೇವೇಂದ್ರ ಬಾಯಿ ತೆರೆದ. ಅವ್ವನ ಕೈಯಲ್ಲಿದ್ದ ಮುದ್ದೆ ಕೋಲು ಕಂಡಿತು. ಬಾಯಿ ಮುಚ್ಚಿಕೊಂಡ. ಮುಚ್ಚಿದ ಬಾಯಿಯ ಅಂಚಿನಲ್ಲಿ ಉಳಿದ ಸಂಕಟವನ್ನು ಜಗದಾಂಬ ವಿನಯ ಎಂದು ತಿಳಿದಳು.

"ನೋಡಕ್ಕ, ಹೇಳ್ಕೊಳ್ಳೋದೂ ಇಲ್ಲ. ಕಲ್ತೋರ ಲಕ್ಷಣ ಇದು."

ಜಗದಾಂಬನಿಗೆ ಗೊತ್ತಾದದ್ದು ಸಂಜೆಯ ಬಸ್ಸಿಗೆ ಮೊದಲೇ ಬಸ್ ಸ್ಟಾಪಿಗೆ ಗೊತ್ತಾಗುತ್ತಿತ್ತು.

ಬಸ್ ಸ್ಟಾಪು ಎಂದರೆ ಕುಳ್ಳಯ್ಯನ ಹೋಟೆಲು. ಎರಡು ಬೆಂಚು, ಒಂದು ಒಲೆ, ಮತ್ತು ಕುಳ್ಳಯ್ಯ. ಮರುದಿನ ದೇವೇಂದ್ರ ಬಿಳಿಯನೊಂದಿಗೆ ಅಲ್ಲಿಗೆ ಬಂದಾಗ ಬೆಂಚಿನವರು ಸರಿದು ಜಾಗ ಕೊಟ್ಟರು. ಅವನಿಗೆ ಯಾರೂ ಹಾಗೆ ಜಾಗ ಕೊಟ್ಟಿರಲಿಲ್ಲ. ಅವನು ಬೆರಳೆತ್ತಿದ, ಬಿಳಿಯ ಕುಳಿತ. ಅಂಗೈ ತೋರಿಸಿದ, ಬಿಳಿಯ ಮಲಗಿದ. ಇದರಲ್ಲಿ ಯಾವ ವಿದ್ಯೆಯೂ ಇರಲಿಲ್ಲ. ಮಾತು ಬೇಡದ ಮನುಷ್ಯ ಸಹಜವಾಗಿ ಕೈಯಲ್ಲೇ ಹೇಳುತ್ತಿದ್ದ, ಒಂದು ಸನ್ನೆಗೆ ಒಂದೇ ಅರ್ಥ ಇಟ್ಟುಕೊಂಡಿದ್ದ, ಹೇಳಿದ್ದು ಮಾಡಿದಾಗ ಕತ್ತಿನ ಕೆಳಗೆ ಕೆರೆದು ಒಂದು ಚೂರು ರೊಟ್ಟಿ ಕೊಡುತ್ತಿದ್ದ, ಹೊಡೆದಿರಲಿಲ್ಲ. ನಾಯಿ ಕಲಿಯುವುದಕ್ಕೆ ಇಷ್ಟು ಸಾಕು. ಆದರೆ ಇಷ್ಟು ಸಾಕು ಎಂದರೆ ಊರಿಗೆ ಸಾಕಾಗುತ್ತದೆಯೇ?

"ದೇವೇಂದ್ರಣ್ಣ," ಕುಳ್ಳಯ್ಯ ಕಾಫಿ ಲೋಟ ತಾನೇ ತಂದು ಇಟ್ಟು ಕೇಳಿದ, "ನಮ್ ನಾಯಿ ಸುಮ್ಸುಮ್ನೆ ಬೊಗಳ್ತದೆ. ಗಿರಾಕಿ ಬಂದ್ರೂ ಬೊಗಳ್ತದೆ, ಹೋದ್ರೂ ಬೊಗಳ್ತದೆ. ಕಾಸು ಕೊಡ್ದೆ ಹೋದೋನಿಗೆ ಮಾತ್ರ ಬಾಲ ಅಳ್ಳಾಡಿಸ್ತದೆ. ಏನ್ ಮಾಡೋದು?"

ದೇವೇಂದ್ರ ಯೋಚಿಸಿದ. ಕಾಫಿಯ ಮೇಲೆ ಕೆನೆ ಕಟ್ಟಿತು. ಬೆಂಚಿನವರು ಮುಂದಕ್ಕೆ ಬಾಗಿದರು.

"ಮಾತು ಕಮ್ಮಿ ಮಾಡ್ಬೇಕು," ಎಂದ.

ಅವನು ಹೇಳಿದ್ದು ನಾಯಿಗೆ ದಿನವಿಡೀ ಬೈಯುವುದನ್ನು ಕಡಿಮೆ ಮಾಡು ಎಂಬ ಅರ್ಥದಲ್ಲಿ. ಆದರೆ ವರ್ಷಕ್ಕೆ ನಾಲ್ಕು ಮಾತಾಡುವವನು ಒಂದು ಮಾತಾಡಿದಾಗ ಅದಕ್ಕೆ ಅಷ್ಟೇ ಅರ್ಥ ಇರಲು ಜನ ಬಿಡುವುದಿಲ್ಲ. ವಾರದೊಳಗೆ ಊರಿನ ನಾಯಿ ಸಾಕಿದ ಮನೆಗಳಲ್ಲೆಲ್ಲ ಮೌನ ಆಚರಣೆಗೆ ಬಂತು. ನಾಯಿಯ ಎದುರಿಗೆ ಯಾರೂ ಮಾತಾಡಬಾರದು. ಕುಳ್ಳಯ್ಯ ಗಿರಾಕಿಗಳಿಗೆ ಬೆರಳಿನಲ್ಲೇ ಲೆಕ್ಕ ಹೇಳತೊಡಗಿದ. ಜಗದಾಂಬ ಟೈಗರನ್ನು ಕಂಡೊಡನೆ ತುಟಿಯ ಮೇಲೆ ಸೆರಗು ಒತ್ತಿಕೊಳ್ಳುತ್ತಿದ್ದಳು. ಇದನ್ನು ಮೊದಲು ಗುರುತಿಸಿದವನು ಅವಳ ಗಂಡ. ಅಲ್ಲಿಯವರೆಗೆ ನಾಯಿಯನ್ನು ಕಂಡರಾಗದಿದ್ದ ಆ ಮನುಷ್ಯ ಟೈಗರನ್ನು ಊಟಕ್ಕೆ ಕೂರುವಾಗ, ಲೆಕ್ಕ ಕೊಡಬೇಕಾದಾಗ, ತಡವಾಗಿ ಮನೆಗೆ ಬಂದಾಗ ಕಂಕುಳಲ್ಲೇ ಇಟ್ಟುಕೊಂಡು ಓಡಾಡತೊಡಗಿದ.

ನಾಯಿಗಳಿಗೆ ಮಾತ್ರ ಇದು ಅರ್ಥವಾಗಲಿಲ್ಲ. ಮನೆಮಂದಿಯೆಲ್ಲ ಇದ್ದಕ್ಕಿದ್ದಂತೆ ಬಾಯಿ ಕಟ್ಟಿಕೊಂಡು ಕೈ ಆಡಿಸುವುದನ್ನು ಕಂಡು, ಸಾವು ಸಂಭವಿಸಿರಬೇಕೆಂದು ಅವು ಒಟ್ಟಾಗಿ ಊಳಿಡಲು ಶುರು ಮಾಡಿದವು.

ಜನ ದೇವೇಂದ್ರನ ಬಳಿಗೆ ದೂರು ತಂದರು. ಅವನು ಸುಮ್ಮನೆ ನೋಡಿದ. ಅವರು ತಲೆ ತಗ್ಗಿಸಿದರು.

"ನಮ್ ಕೈಲಾಗಲ್ಲ ಕಣ್ರೀ ಅದು," ಕುಳ್ಳಯ್ಯ ವಿವರಿಸಿದ. "ನಾವು ಬಾಯಿ ಮುಚ್ಚಿದ್ರೂ ಒಳಗೊಳಗೆ ವಟಗುಟ್ತಿರ್ತೀವಿ. ನಾಯಿಗೆ ಗೊತ್ತಾಗ್ಬುಡ್ತದೆ. ಈ ಮಾರಾಯಂಗೆ ಒಳಗೂ ಏನೂ ಇಲ್ಲ ನೋಡಿ, ಅದ್ಕೆ ಬಂತು."

ಅದು ಕಾಫಿಗೆ ಹಿಂದೆಂದೂ ಕಾಣದ ಬೆಲೆ ಬಂದ ವರ್ಷ. ಕಾಫಿ ಬೋರ್ಡಿನ ಹಿಡಿತ ಸಡಿಲವಾಗಿ, ಬೆಳೆಗಾರರು ತಮ್ಮ ಕಾಫಿಯನ್ನು ತಾವೇ ಮಾರಬಹುದು ಎಂದಾಗಿ, ಆಲೂರಿನಿಂದ ಸಕಲೇಶಪುರದವರೆಗೆ ಹಳೆಯ ಜೀಪುಗಳೆಲ್ಲ ಹೊಸ ಬಣ್ಣ ಹೊಡೆಸಿಕೊಂಡಿದ್ದವು. ಬೆಲೆಯ ಹಿಂದೆಯೇ ಕಳ್ಳರು ಬಂದರು. ಕಣದಲ್ಲಿ ಒಣಗಲು ಹರಡಿದ ಕಾಫಿಯನ್ನು ಗುಡಿಸಿ ಮೂಟೆ ಕಟ್ಟಿ ಒಯ್ಯುತ್ತಿದ್ದರು. ಒಳ್ಳೆಯ ನಾಯಿಗೆ ಒಳ್ಳೆಯ ಅಳಿಯನಿಗಿಂತ ಹೆಚ್ಚು ಹುಡುಕಾಟ ನಡೆಯಿತು.

ಹೀಗಿರುವಾಗ ಒಂದು ಭಾನುವಾರ ಎಸ್ಟೇಟಿನ ಒಡೆಯರಾದ ಮಹಾದೇವಯ್ಯನವರ ಜೀಪು ದೇವೇಂದ್ರನ ಮನೆ ಮುಂದೆ ನಿಂತಿತು. ಬಿಳಿಯ ದಾರಿಯ ಮಧ್ಯದಲ್ಲಿ ಮಲಗಿದ್ದ. ಮಹಾದೇವಯ್ಯ ಹಾರ್ನ್ ಹೊಡೆದರು. ಮತ್ತೆ ಹೊಡೆದರು. ಕೈ ತೆಗೆಯದೆ ಹೊಡೆದರು. ಮೀನಾಕ್ಷಮ್ಮ, ಜಗದಾಂಬ, ಜಗದಾಂಬನ ಗಂಡ, ಅವನ ಕಂಕುಳಲ್ಲಿದ್ದ ಟೈಗರ್ ಎಲ್ಲರೂ ಹೊರಗೆ ಬಂದರು. ಬಿಳಿಯ ಮಲಗಿಯೇ ಇದ್ದ.

"ನಿಜ ಕಣಯ್ಯ ಜನ ಹೇಳಿದ್ದು!" ಮಹಾದೇವಯ್ಯ ಇಳಿದು ಬಂದರು. "ನಮ್ಮನೇಲೂ ಒಂದಿತ್ತು, ಬೆಂಗಳೂರಿಂದ ತಂದಿದ್ದು. ಕಿವಿ ಇಷ್ಟುದ್ದ. ಕೋವಿ ಸದ್ದು ಕೇಳಿದ್ರೆ ಮಂಚದ ಕೆಳಗೆ. ಕೆಲ್ಸಕ್ಕೆ ಬರಲ್ಲ ಅಂತ ಟಿಂಬರ್ ಲಾರಿಗೆ ಹಾಕಿಸ್ಬುಟ್ಟೆ. ಇದು ಹೆಂಗೆ ಅಂತ ನೋಡ್ತೀನಿ ಇರು."

ಜೀಪಿನಿಂದ ಕೋವಿ ತೆಗೆದು, ನಾಯಿಯ ಬೆನ್ನ ಹಿಂದೆ ಹೋಗಿ, ಆಕಾಶಕ್ಕೆ ಒಂದು ಈಡು ಹಾರಿಸಿದರು. ಜಗದಾಂಬ ನೆಲಕ್ಕೆ ಕುಳಿತಳು. ಅವಳ ಗಂಡ ಟೈಗರನ್ನು ಬಿಟ್ಟ. ಅದನ್ನು ಆಮೇಲೆ ಎರಡು ಊರಿನಾಚೆ ಹುಡುಕಿ ತಂದರು. ಬಿಳಿಯ ಮಗ್ಗುಲು ಬದಲಿಸಿ ಆಕಳಿಸಿದ.

ಮಹಾದೇವಯ್ಯನವರ ಕಣ್ಣು ತುಂಬಿತು. "ಮಿಲಿಟರೀಲೂ ಇಂಥ ಶಿಸ್ತು ಇಲ್ಲ," ಎಂದರು. "ಇದು ನಮ್ಮ ಕಣಕ್ಕೆ ಬೇಕು ಕಣೋ ದೇವೇಂದ್ರ."

"ಸಾರ್, ಅದು..." ಎಂದ ದೇವೇಂದ್ರ.

"ಅದು? ಏನು?"

"ಅದು..."

ಲಾರಿ ಎಂಬ ಮಾತು ಇನ್ನೂ ಗಾಳಿಯಲ್ಲೇ ಇತ್ತು. ಹೇಳಿದರೆ ನಾಯಿ ಘಾಟಿಗೆ. ಹೇಳದಿದ್ದರೆ ಕಣಕ್ಕೆ. ಕಣ ಘಾಟಿಗಿಂತ ಹತ್ತಿರ.

"ಅದಕ್ಕೇನಂತೆ, ತಗೊಂಡ್ಹೋಗಿ ಸಾವ್ಕಾರ್ರೆ," ಮೀನಾಕ್ಷಮ್ಮ ಮಗನ ಪರವಾಗಿ ಮಾತು ಮುಗಿಸಿದಳು. "ಇವ್ನೂ ಹಗಲೆಲ್ಲ ಅಲ್ಲೇ ಇರ್ತಾನಲ್ಲ. ಅನ್ನ ಕೊಡೋರು ಬಾಯ್ಬಿಟ್ಟು ಕೇಳಿದ್ಮೇಲೆ ಇಲ್ಲ ಅಂತಾರಾ?"

ಬಿಳಿಯ ಎದ್ದು ಜೀಪು ಹತ್ತಿ, ದೇವೇಂದ್ರನೂ ಬರುತ್ತಾನೆಂದು ಕಾದು ನಿಂತ. ಜೀಪು ಹೊರಟಾಗ ಜಿಗಿಯುವವನಂತೆ ಕಂಡ. ದೇವೇಂದ್ರ ಬೆರಳೆತ್ತಿದ. ಬಿಳಿಯ ಕುಳಿತ. ತಿರುವಿನವರೆಗೂ ಹಾಗೆಯೇ ಕುಳಿತಿದ್ದ.

ಎಸ್ಟೇಟಿನಲ್ಲಿ ಅದಕ್ಕೆ ಮೇಜರ್ ಎಂದು ಹೆಸರಾಯಿತು. ನಾಯಿಗೆ ಇಂಗ್ಲಿಷಿನಲ್ಲೇ ಹೇಳಬೇಕೆಂಬುದು ನಮ್ಮ ಕಡೆಯವರ ನಂಬಿಕೆ. ಮಹಾದೇವಯ್ಯ ದಿನವೂ ಬೆಳಿಗ್ಗೆ ಕಣದ ಕಟ್ಟೆಯ ಮೇಲೆ ನಿಂತು, "ಮೇಜರ್! ಸಿಟ್!" ಎಂದು ಗರ್ಜಿಸುತ್ತಿದ್ದರು. ಅವರ ಬೆನ್ನ ಹಿಂದೆ ಹಾಜರಿ ಪುಸ್ತಕ ಹಿಡಿದ ದೇವೇಂದ್ರ ಮೆಲ್ಲಗೆ ಬೆರಳೆತ್ತುತ್ತಿದ್ದ. ಬಿಳಿಯ ಕುಳಿತುಕೊಳ್ಳುತ್ತಿದ್ದ. "ನೋಡಿದ್ಯಾ, ನನ್ ದನಿಗೆ ಹೊಂದ್ಕೊಂಬುಟ್ಟ," ಎಂದು ಅವರು ತಿರುಗುವಷ್ಟರಲ್ಲಿ ದೇವೇಂದ್ರ ಆ ಬೆರಳಿನಿಂದ ಕಿವಿ ತುರಿಸಿಕೊಳ್ಳುತ್ತಿದ್ದ. ಒಮ್ಮೆ ಅವನಿಗೆ ಶೀತವಾಗಿ ಎರಡು ದಿನ ಬರಲಿಲ್ಲ. ಆ ಎರಡು ದಿನವೂ ಮೇಜರ್‌ಗೆ ಮೂಡ್ ಇರಲಿಲ್ಲ ಎಂದು ಒಡೆಯರು ನೊಂದುಕೊಂಡರು.

ನಾಯಿ ಬಂದದ್ದರಿಂದ ಎಲ್ಲರಿಗಿಂತ ಹೆಚ್ಚು ನಿಶ್ಚಿಂತನಾದವನು ಕಣದ ವಾಚ್‌ಮನ್ ಕೆಂಚಯ್ಯ. ಮೊದಲು ಅವನು ಕುಡಿದು ಅರೆನಿದ್ದೆ ಮಾಡುತ್ತಿದ್ದ. ಈಗ ಪೂರ್ತಿ ಮಾಡತೊಡಗಿದ.

ಸುಗ್ಗಿಯ ನಡುವೆ ಒಂದು ಬೆಳಿಗ್ಗೆ ದೇವೇಂದ್ರ ಹಾಜರಿಗೆ ಬಂದಾಗ ಕಣದ ಒಂದು ಮೂಲೆ ಬರಿದಾಗಿತ್ತು. ಸಿಪ್ಪೆ ಸುಲಿದು ಒಣಗಿಸಿ ಮೂಟೆ ಕಟ್ಟಿ ಜೋಡಿಸಿದ್ದ ಪಾರ್ಚ್‌ಮೆಂಟ್ ಕಾಫಿ ಅಷ್ಟೂ ಇಲ್ಲ. ಬಿಳಿಯ ದಿನವೂ ಮಲಗುತ್ತಿದ್ದದ್ದು ಆ ಮೂಟೆಗಳ ಮೇಲೆ. ಈಗ ಅವನು ಕಣದ ಇನ್ನೊಂದು ತುದಿಯಲ್ಲಿ, ನೀಟಾಗಿ ಮಡಿಸಿ ಹಾಸಿದ ಖಾಲಿ ಗೋಣಿಯ ಮೇಲೆ ಸುರುಳಿ ಸುತ್ತಿಕೊಂಡು ನಿದ್ದೆ ಹೋಗಿದ್ದ. ಕಳ್ಳರು ನಾಯಿಯನ್ನು ಎಬ್ಬಿಸದೆ, ಮಗುವನ್ನು ತೊಟ್ಟಿಲಿಂದ ತೆಗೆಯುವ ಹಾಗೆ ಎತ್ತಿ, ಬೇರೆಡೆ ಮಲಗಿಸಿ, ಕೆಲಸ ಮುಗಿಸಿ ಹೋಗಿದ್ದರು.

ಕೆಂಚಯ್ಯ ಎದೆ ಬಡಿದುಕೊಳ್ಳುತ್ತಿದ್ದ. "ನಾನು ಕಣ್ಮುಚ್ಚಿಲ್ಲ ಸಾವ್ಕಾರ್ರೆ! ನಾಯಿ ಒಂದ್ ಸಲ ಬೊಗಳಿದ್ರೆ ಎದ್ಬುಡ್ತಿದ್ದೆ!"

"ಕಣ್ಮುಚ್ಚಿಲ್ಲ ಅಂದ್ಮೇಲೆ ಏಳೋದೆಲ್ಲಿಂದ ಬಂತಯ್ಯ?" ಎಂದ ಕುಳ್ಳಯ್ಯ. ಇಂಥ ಸಂದರ್ಭಗಳಲ್ಲಿ ಅವನು ಹೋಟೆಲು ಬಿಟ್ಟು ಬರುತ್ತಿದ್ದ.

"ಅದಲ್ಲ ಕುಳ್ಳಯ್ಯ, ವಿಚಾರ ಮಾಡು," ಕೆಂಚಯ್ಯ ಮಾತು ತಿರುಗಿಸಿದ. "ಕೋವಿಗೆ ಹೆದರದ ನಾಯಿ. ಎತ್ತಿ ಮಲಗಿಸಿದ್ರೂ ಸುಮ್ಕಿದೆ ಅಂದ್ರೆ, ಸುಮ್ಕಿರು ಅಂತ ಹೇಳಿದೋರು ಯಾರು? ಯಾರ್ ಮಾತು ಕೇಳ್ತದೆ ಅದು?"

ಎಲ್ಲರೂ ಹಾಜರಿ ಪುಸ್ತಕ ಹಿಡಿದು ನಿಂತಿದ್ದ ದೇವೇಂದ್ರನ ಕಡೆ ತಿರುಗಿದರು. ಇಷ್ಟು ದಿನ ವಿನಯವಾಗಿದ್ದ ಅವನ ಮೌನ ಒಂದೇ ಕ್ಷಣದಲ್ಲಿ ಕಳ್ಳತನವಾಯಿತು.

ಮಧ್ಯಾಹ್ನಕ್ಕೆ ಕಾನ್‌ಸ್ಟೇಬಲ್ ದಾಸಯ್ಯ ಸೈಕಲ್ಲಿನಲ್ಲಿ ಬಂದರು. ಮೊದಲು ಊಟ ಮಾಡಿದರು. ಆಮೇಲೆ ಬರಿದಾದ ಮೂಲೆಯನ್ನು ಲಾಠಿಯಿಂದ ತಟ್ಟಿ ನೋಡಿದರು.

"ಪೊಲೀಸ್ ನಾಯಿ ಹಾಸನದಿಂದ ಬರ್ಬೇಕು," ಎಂದರು. "ಜೀಪ್ ಕೆಟ್ಟೈತೆ. ಇದೂ ಟ್ರೈನಿಂಗ್ ಆದ ನಾಯಿ ತಾನೆ? ಇದ್ನೇ ಬಿಡಿ, ಮೂಸಿಸಿ."

ಊರೆಲ್ಲ ಕಣದ ಸುತ್ತ ನೆರೆಯಿತು. ದಾಸಯ್ಯ ಬಿಳಿಯನ ಮೂತಿಯನ್ನು ಹಿಡಿದು ನೆಲಕ್ಕೆ ತಗುಲಿಸಿ, "ಗೋ! ಕ್ಯಾಚ್!" ಎಂದು ಕೂಗಿದರು. ಬಿಳಿಯ ಆ ಗುಂಪನ್ನು, ಆ ಅಪರಿಚಿತ ಖಾಕಿಯನ್ನು ನೋಡಿ ಅಂಜಿದ. ಎಲ್ಲ ಮುಖಗಳನ್ನೂ ದಾಟಿ, ಆಳುಗಳ ಸಾಲನ್ನು ದಾಟಿ, ನಾಯಿ ತನ್ನನ್ನು ನೋಡದಿರಲೆಂದು ಕಾಫಿ ಗಿಡದ ಮರೆಯಲ್ಲಿ ನಿಂತಿದ್ದ ದೇವೇಂದ್ರನ ಬಳಿಗೆ ನೇರವಾಗಿ ಹೋಗಿ, ಅವನ ಕಾಲ ಮೇಲೆ ಕುಳಿತ. ಹೇಳದೆಯೇ ಕುಳಿತದ್ದು ಅದೇ ಮೊದಲು.

"ಶಿವ ಶಿವಾ!" ಎಂದಳು ಜಗದಾಂಬ.

"ಆಯ್ತಲ್ಲ," ದಾಸಯ್ಯ ಕೈ ಕೊಡವಿಕೊಂಡರು. "ಸ್ವಂತ ಯಜಮಾನನ್ನೇ ಹಿಡ್ದುಕೊಡ್ತು. ಇಂಥ ನಿಯತ್ತು ನಮ್ ಡಿಪಾರ್ಟ್‌ಮೆಂಟಿನಲ್ಲೂ ಕಂಡಿಲ್ಲ ನಾನು."

ಮಹಾದೇವಯ್ಯ ತಲೆಯ ಮೇಲೆ ಕೈಹೊತ್ತು ಕುಳಿತಿದ್ದರು. ಅವರು ಕೆಟ್ಟ ಮನುಷ್ಯರಲ್ಲ. ಕೊನೆಗೆ ಎದ್ದು, "ಸ್ಟೇಷನ್ನು ಗೀಷನ್ನು ಬೇಡ. ನಮ್ ಹುಡುಗ ಇವನು. ಬಸವಣ್ಣನ ಗುಡೀಲಿ ಕರ್ಪೂರ ಆರಿಸಿ ಆಣೆ ಮಾಡ್ಬುಡ್ಲಿ. ನಂಬ್ತೀನಿ," ಎಂದರು.

ಆ ಕಡೆ ಇದಕ್ಕಿಂತ ದೊಡ್ಡ ಕೋರ್ಟಿಲ್ಲ. ಉರಿಯುವ ಕರ್ಪೂರವನ್ನು ಕೈಯಿಂದ ಆರಿಸಿ ಹೇಳಿದ ಮಾತು ಸತ್ಯ. ಸುಳ್ಳಾದರೆ ಮನೆಯ ದೀಪವೂ ಹಾಗೆಯೇ ಆರುತ್ತದೆ. ಪೊಲೀಸರಿಗೆ ಹೆದರದವರೂ ಆ ತಟ್ಟೆಗೆ ಹೆದರುತ್ತಿದ್ದರು.

ಸಂಜೆ ಗುಡಿಯ ಮುಂದೆ ಸೇರಿದರು. ಬಿಳಿಯನನ್ನು ಮೆಟ್ಟಿಲಿನ ಕೆಳಗೆ ಕಟ್ಟಿದ್ದರು. ಪೂಜಾರಿ ಕರ್ಪೂರ ಹಚ್ಚಿದ.

"ಕದ್ದಿಲ್ಲ ಅಂತ ಆರಿಸ್ಲಿ," ಎಂದರು ಮಹಾದೇವಯ್ಯ.

"ಅದಾಗಲ್ಲ ಸಾವ್ಕಾರ್ರೆ," ಕೆಂಚಯ್ಯ ಮುಂದೆ ಬಂದ. "ಹೊತ್ತೋರು ಬೇರೆ ಇರ್ತಾರೆ. ನಾಯಿ ಬಾಯಿ ಕಟ್ಟಿದ್ದು ಯಾರು ಅನ್ನೋದು ಪ್ರಶ್ನೆ. ಈ ನಾಯಿಗೆ ಸುಮ್ಕಿರೋದು ನಾನು ಕಲಿಸಿಲ್ಲ ಅಂತ ಹೇಳಿ ಆರಿಸ್ಲಿ, ನೋಡೋಣ."

ದೇವೇಂದ್ರನ ಎದೆ ಹಗುರವಾಯಿತು. ಇದಕ್ಕಿಂತ ಸುಲಭದ ಆಣೆ ಬೇರೆ ಇರಲಿಲ್ಲ. ಇದು ಸತ್ಯ. ಅವನು ಕೈ ಚಾಚಿದ. "ಈ ನಾಯಿಗೆ ನಾನು ಸುಮ್ಮನಿರೋದು ಕಲಿ..."

"ಬೇಡ ಕಣೋ!" ಮೀನಾಕ್ಷಮ್ಮ ಓಡಿ ಬಂದು ಮಗನ ಕೈ ಹಿಡಿದುಕೊಂಡಳು. "ದೇವ್ರ ಮುಂದೆ ಸುಳ್ಳು ಹೇಳ್ಬೇಡ್ವೋ! ಹೋಬಳಿಗೇ ಗೊತ್ತೈತೆ ನೀನೇ ಕಲಿಸ್ದೋನು ಅಂತ. ಹೆತ್ತೂರಿಂದ ಜನ ಬಂದು ಕೇಳ್ಕೊಂಡು ಹೋಗವ್ರೆ. ಮನೆ ನಿರ್ವಂಶ ಆಗ್ಬುಡ್ತದೆ!"

"ನಾನೇ ಕಣ್ಣಾರೆ ನೋಡೀನಿ," ಜಗದಾಂಬ ಅಳುತ್ತ ಸಾಕ್ಷಿ ನುಡಿದಳು. "ಹಿತ್ಲಲ್ಲಿ ಕೊಳಗ ಎತ್ತಾಕಿ ಎತ್ತಾಕಿ ಕಲಿಸ್ತಿದ್ದ. ನಮ್ಮೆಮ್ಮೆ ಆವತ್ತಿಂದ ಹಾಲೇ ಸರ್ಯಾಗ್ ಕೊಟ್ಟಿಲ್ಲ."

"ನಿರ್ವಂಶ ಆಗೋಕೆ ಮೊದ್ಲು ಮದ್ವೆ ಆಗ್ಬೇಕಲ್ಲ ಮೀನಾಕ್ಷಕ್ಕ," ಎಂದ ಕುಳ್ಳಯ್ಯ. ಯಾರೂ ನಗಲಿಲ್ಲ.

ಮಹಾದೇವಯ್ಯ ಕೈಯೆತ್ತಿ ಎಲ್ಲರನ್ನೂ ಸುಮ್ಮನಿರಿಸಿದರು. ದೇವೇಂದ್ರನ ಹತ್ತಿರ ಬಂದು ದನಿ ತಗ್ಗಿಸಿ ಹೇಳಿದರು: "ನೋಡೋ ತಮ್ಮ. ಇರೋದು ಎರಡೇ. ನೀನು ಕಲಿಸಿದ್ದಕ್ಕೆ ಅದು ಸುಮ್ಕಿತ್ತು. ಇಲ್ಲ, ಆ ನಾಯೀಲೇ ಏನೋ ಐಬು ಐತೆ. ನೀನು ಕಲಿಸಿಲ್ಲ ಅಂತಾದ್ರೆ ಐಬು ಏನು ಅಂತ ಬಾಯ್ಬಿಟ್ಟು ಹೇಳು. ನಿನ್ ಕೆಲ್ಸಕ್ಕೆ ಏನೂ ತೊಂದ್ರೆ ಇಲ್ಲ. ನಾಳೆ ಬೆಳಿಗ್ಗೆ ನಮ್ ಮರದ ಲೋಡು ಮಂಗಳೂರಿಗೆ ಹೋಗ್ತದೆ. ಅದ್ರಲ್ಲೇ ಅದ್ನ ಕಳಿಸ್ಬುಡ್ತೀನಿ. ಮುಗೀತು."

ಮೆಟ್ಟಿಲಿನ ಕೆಳಗೆ ಬಿಳಿಯ ಕತ್ತೆತ್ತಿ ಕುಳಿತಿದ್ದ. ಅಷ್ಟು ಜನರ ಬಾಯಿ ಆಡುತ್ತಿದ್ದರೂ ಅವನ ಗಮನ ಅತ್ತ ಇರಲಿಲ್ಲ. ಅವನು ನೋಡುತ್ತಿದ್ದದ್ದು ದೇವೇಂದ್ರನ ಕೈಯನ್ನು. ಕರ್ಪೂರದ ಮೇಲೆ ಚಾಚಿದ್ದ ಅಂಗೈಯನ್ನು ಕಂಡು, ಅದು ತನಗೆ ಮಾಡಿದ ಸನ್ನೆಯೆಂದು ತಿಳಿದು, ನಿಧಾನವಾಗಿ ನೆಲಕ್ಕೆ ಒರಗಿ ಮಲಗಿದ.

ದೇವೇಂದ್ರ ಕೈ ಹಿಂದಕ್ಕೆ ತೆಗೆದುಕೊಂಡ. ಕರ್ಪೂರ ತಾನಾಗಿ ಉರಿದು ಮುಗಿಯಿತು.

"ಕಲಿಸಿದ್ದು ನಾನೇ," ಎಂದ. ಅಷ್ಟು ಗಟ್ಟಿಯಾಗಿ ಅವನು ಮಾತಾಡಿದ್ದನ್ನು ಊರು ಅದುವರೆಗೆ ಕೇಳಿರಲಿಲ್ಲ. ಹಿಂದೆ ನಿಂತವರಿಗೂ ಕೇಳಿಸಿತು. ಕೇಳಿಸದೆ ಉಳಿದವನು ಒಬ್ಬನೇ.

ಮೀನಾಕ್ಷಮ್ಮ ಸುಳ್ಳು ಆಣೆ ತಪ್ಪಿತೆಂದು ಬಸವಣ್ಣನಿಗೆ ಕೈಮುಗಿದಳು. ಆಮೇಲೆ ಮಗ ಕಳ್ಳನಾದ ಎಂಬುದು ಹೊಳೆದು, ಅಲ್ಲೇ ಕುಳಿತು ಅತ್ತಳು.

ತೀರ್ಮಾನ ಬೇಗ ಆಯಿತು. ದೇವೇಂದ್ರ ಎಸ್ಟೇಟಿನ ಗೇಟಿನೊಳಗೆ ಕಾಲಿಡಕೂಡದು. ಅವನು ಒಂದು ಕ್ಷಣ, ತೀರ ಮೂರ್ಖನಂತೆ, ನಾಯಿಯ ಹಗ್ಗಕ್ಕೆ ಕೈ ಹಾಕಿದ.

"ಅದ್ಯಾಕೆ ಬಿಚ್ತೀಯ?" ಎಂದರು ಮಹಾದೇವಯ್ಯ. "ತಪ್ಪು ಕಲಿಸಿದೋನದು, ಕಲಿತದ್ದರದ್ದಲ್ಲ. ಪಾಪ, ಅದು ಹೇಳಿದಂಗೆ ಮಾಡ್ತು. ಆಮೇಲೆ ಮನಸ್ಸು ತಡೀದೆ ನಿನ್ನನ್ನೇ ತೋರಿಸ್ಕೊಡ್ತು. ಇಂಥ ಪ್ರಾಣೀನ ಕಳ್ಳನ್ ಕೈಗೆ ಕೊಡ್ತೀನಾ? ಸಾಯೋ ತನಕ ನಮ್ಮನೇಲೇ ಇರ್ತದೆ."

ಅವರು ಮಾತಿಗೆ ತಪ್ಪಲಿಲ್ಲ. ಯಜಮಾನನನ್ನೇ ಹಿಡಿದುಕೊಟ್ಟ ನಾಯಿಯ ಸುದ್ದಿ ಹೆತ್ತೂರು, ಸಕಲೇಶಪುರ ದಾಟಿ ಘಾಟಿಯ ಆಚೆಗೂ ಇಳಿಯಿತು. ಅದನ್ನು ನೋಡಲು ಜನ ಜೀಪು ಮಾಡಿಕೊಂಡು ಬಂದರು. ಅಂಥ ನಾಯಿಯಿರುವ ಕಣದ ಹತ್ತಿರ ಆ ಬಳಿಕ ಒಬ್ಬ ಕಳ್ಳನೂ ಸುಳಿಯಲಿಲ್ಲ. ಕೆಂಚಯ್ಯನ ನಿದ್ದೆ ಗಾಢವಾಯಿತು. ಮೇಜರ್‌ಗೆ ದಿನವೂ ಹಾಲು, ಚಳಿಗಾಲಕ್ಕೆ ಹಳೆಯ ಕಂಬಳಿ. ಮಹಾದೇವಯ್ಯ ಕಟ್ಟೆಯ ಮೇಲೆ ನಿಂತು "ಸಿಟ್!" ಎನ್ನುತ್ತಿದ್ದರು. ಅದು ಕೂರುತ್ತಿರಲಿಲ್ಲ. "ಮನಸ್ಸಿಗೆ ಹಚ್ಕೊಂಬುಟ್ಟಿದೆ. ಒತ್ತಾಯ ಮಾಡ್ಬಾರ್ದು," ಎಂದು ಬಂದವರಿಗೆ ವಿವರಿಸುತ್ತಿದ್ದರು.

ದೇವೇಂದ್ರನಿಗೆ ಸಕಲೇಶಪುರದ ಒಂದು ಮೆಣಸಿನ ಮಂಡಿಯಲ್ಲಿ ಚೀಲ ಹೊಲಿಸುವ ಕೆಲಸ ಸಿಕ್ಕಿತು. ಕುಳ್ಳಯ್ಯನ ಹೋಟೆಲಿನಲ್ಲಿ ಅವನು ಬಂದರೆ ಜನ ಈಗಲೂ ಬೆಂಚಿನಿಂದ ಸರಿಯುತ್ತಿದ್ದರು. ಕಾರಣ ಬೇರೆ. ಆದರೂ ಯಾರೂ ಇಲ್ಲದಾಗ ಕುಳ್ಳಯ್ಯ ಹತ್ತಿರ ಬಂದು ಪಿಸುಗುಡುತ್ತಿದ್ದ: "ಆಗಿದ್ದಾಯ್ತು ಬುಡು ಮಾರಾಯ. ನಮ್ ನಾಯಿಗೂ ಆ ವಿದ್ಯೆ ಒಂಚೂರು ಹೇಳ್ಕೊಡು."

ಸಕಲೇಶಪುರದ ಬಸ್ಸು ಎಸ್ಟೇಟಿನ ಬೇಲಿಗೆ ತಾಗಿಕೊಂಡೇ ಹೋಗುತ್ತದೆ. ಒಂದು ತಿರುವಿನಲ್ಲಿ ಕಣ ಪೂರ್ತಿ ಕಾಣುತ್ತದೆ. 'ಬಿಳಿಯಾ' ಎಂದು ಎಷ್ಟು ಕೂಗಿದರೂ ಪ್ರಯೋಜನವಿಲ್ಲ. ಅದು ಇತ್ತ ನೋಡುತ್ತಿರಬೇಕು. ಅವನು ಕಿಟಕಿಯ ಕಡೆ ಕುಳಿತಿರಬೇಕು. ಎರಡೂ ಕೂಡಿಬಂದ ದಿನ ದೇವೇಂದ್ರ ಬೆರಳೆತ್ತುತ್ತಿದ್ದ. ದೂರದಲ್ಲಿ, ಒಣಹಾಕಿದ ಕಾಫಿಯ ನಡುವೆ, ಬೆಳ್ಳಗಿನ ಒಂದು ಚುಕ್ಕೆ ಥಟ್ಟನೆ ಕುಳಿತುಕೊಳ್ಳುತ್ತಿತ್ತು. ಬಸ್ಸು ಮರೆಯಾದ ಮೇಲೂ ಎಷ್ಟು ಹೊತ್ತು ಹಾಗೆಯೇ ಕುಳಿತಿರುತ್ತಿತ್ತೋ, ಅವನಿಗೆ ಗೊತ್ತಿರಲಿಲ್ಲ.

ಬೆರಳೆತ್ತಿದ್ದನ್ನು ಕಂಡು ಕಂಡಕ್ಟರ್ ಪ್ರತಿ ಸಲವೂ ಸೀಟಿ ಊದುತ್ತಿದ್ದ. ಬಸ್ಸು ಕಿರುಗುಟ್ಟಿ ನಿಲ್ಲುತ್ತಿತ್ತು.

"ಇಲ್ಲಿಳೀತೀರೇನ್ರಿ?"

ದೇವೇಂದ್ರ ತಲೆಯಾಡಿಸುತ್ತಿದ್ದ, ಇಲ್ಲ ಎಂದು.

"ಮತ್ತೆ ಯಾತಕ್ರೀ ದಿನಾ ಕೈ ಎತ್ತೋದು? ಏನಾದ್ರೂ ಹೇಳೋದಿದ್ರೆ ಬಾಯ್ಬಿಟ್ಟು ಹೇಳ್ಬಾರ್ದಾ?"

ಆ ನಾಯಿಗೆ ಕಿವಿ ಕೇಳಿಸುವುದಿಲ್ಲ ಎಂದು ದೇವೇಂದ್ರ ಯಾರಿಗೂ ಹೇಳಲಿಲ್ಲ.